ಹೆಸರು ಒಂದೇ, ಏಣಿ ಎರಡು

2018ರ ಮಾರ್ಚ್ 20ರ ಬೆಳಿಗ್ಗೆ ಮುಂಬೈಯ ಮಾಟುಂಗಾ, ದಾದರ್ ನಡುವಿನ ಹಳಿಗಳ ಮೇಲೆ ನೂರಾರು ಹುಡುಗರು ಕೂತುಬಿಟ್ಟರು. ಆಫೀಸಿಗೆ ಹೊರಟ ಜನರನ್ನು ತುಂಬಿಕೊಂಡ ಲೋಕಲ್ ರೈಲುಗಳು ಮೂರು ಗಂಟೆಗೂ ಹೆಚ್ಚು ಹೊತ್ತು ಅಲುಗಲಿಲ್ಲ. ಕೂತವರಲ್ಲಿ ಹೆಚ್ಚಿನವರು ರೈಲ್ವೆಯಲ್ಲೇ ಅಪ್ರೆಂಟಿಸ್‌ಶಿಪ್ ಮುಗಿಸಿದವರು. ಕೆಲಸ ಕಲಿಸಿದ್ದೀರಿ, ಇನ್ನು ಕೆಲಸ ಕೊಡಿ ಎಂಬುದು ಅವರ ಕೂಗು. ಆಗ ದೆಹಲಿಯ ರೈಲು ಭವನದಲ್ಲಿ ರೈಲ್ವೆ ಮಂಡಳಿಯ ಅಧ್ಯಕ್ಷರಾಗಿದ್ದವರು ಅಶ್ವನಿ ಲೋಹಾನಿ. ಅವರೂ ರೈಲ್ವೆಯ ಹೊಸ್ತಿಲು ತುಳಿದದ್ದು ಅಪ್ರೆಂಟಿಸ್ ಎಂಬ ಹೆಸರಿನಲ್ಲೇ.

‘ಅಪ್ರೆಂಟಿಸ್ ಆಗಿ ಸೇರಿ ಅಧ್ಯಕ್ಷರಾದರು’ ಎಂಬ ಸಾಲು ಪತ್ರಿಕೆಗೆ ಚೆಂದ. ಆದರೆ ಅದನ್ನು ನಂಬಿ ಐಟಿಐ ಮೆಟ್ಟಿಲು ಹತ್ತುವ ಹುಡುಗನಿಗೆ ಹೇಳದೆ ಬಿಟ್ಟ ಮಾತೊಂದಿದೆ. ಲೋಹಾನಿಯವರು ಸ್ಪೆಷಲ್ ಕ್ಲಾಸ್ ಅಪ್ರೆಂಟಿಸ್. ಹಳಿಯ ಮೇಲೆ ಕೂತವರು ಆಕ್ಟ್ ಅಪ್ರೆಂಟಿಸ್.

ಬಿಹಾರದ ಮುಂಗೇರ್ ಜಿಲ್ಲೆಯ ಜಮಾಲ್‌ಪುರದಲ್ಲಿ ಈಸ್ಟ್ ಇಂಡಿಯನ್ ರೈಲ್ವೆ 1862ರಲ್ಲಿ ಕಟ್ಟಿದ ವರ್ಕ್‌ಶಾಪ್ ಇದೆ. 1899ರಲ್ಲಿ ‘ಲೇಡಿ ಕರ್ಝನ್’ ಎಂಬ ಉಗಿ ಎಂಜಿನ್ನನ್ನು ಅಲ್ಲೇ ತಯಾರಿಸಿದರು. ಆ ವರ್ಕ್‌ಶಾಪಿನ ಮಗ್ಗುಲಲ್ಲಿ 1927ರಿಂದ ಸ್ಪೆಷಲ್ ಕ್ಲಾಸ್ ಯೋಜನೆ ನಡೆಯಿತು. ಪಿಯುಸಿ ಮಟ್ಟದ ಗಣಿತ, ವಿಜ್ಞಾನ ಓದಿದ ಹುಡುಗರು ಯುಪಿಎಸ್‌ಸಿ ಪರೀಕ್ಷೆ ಬರೆಯಬೇಕಿತ್ತು. ಇಡೀ ದೇಶಕ್ಕೆ ಬೆರಳೆಣಿಕೆಯ ಸೀಟು. ಗೆದ್ದವರಿಗೆ ನಾಲ್ಕು ವರ್ಷದ ತರಬೇತಿ, ಕೈಗೆ ಸ್ಟೈಪೆಂಡು, ಉಳಿಯಲು ‘ಜಿಮ್ಖಾನಾ’ ಎಂಬ ಹಾಸ್ಟೆಲು. ಮುಗಿಸಿ ಹೊರಬಂದರೆ ನೇರವಾಗಿ ಗ್ರೂಪ್ ಎ ಅಧಿಕಾರಿ.

ಇದರ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ಹದಿನೆಂಟರ ಹುಡುಗ ಪುಸ್ತಕದ ಜೊತೆಜೊತೆಗೇ ಅರ ಹಿಡಿದು ಕಬ್ಬಿಣ ಉಜ್ಜಿದ, ಲೇತ್ ಮುಂದೆ ನಿಂತ, ಫೌಂಡ್ರಿಯ ಕಾವು ತಿಂದ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ವರ್ಕ್‌ಶಾಪ್ ಎಂದರೆ ಮೊದಲ ವರ್ಷದ ಒಂದು ರೆಕಾರ್ಡ್ ಪುಸ್ತಕ. ಜಾಬ್ ಪೀಸನ್ನು ಅಟೆಂಡರೇ ಉಜ್ಜಿಕೊಟ್ಟರೂ ಯಾರೂ ಕೇಳುವುದಿಲ್ಲ. ಜಮಾಲ್‌ಪುರದಲ್ಲಿ ಕೈ ಕಪ್ಪಾಗದೆ ದಾರಿ ಇರಲಿಲ್ಲ. ಮುಂದೆ ಅವನು ಸಹಿ ಹಾಕುವ ಕಾಗದದ ಹಿಂದೆ ಯಾವ ಬೋಲ್ಟು, ಯಾವ ಬೆಸುಗೆ ಇದೆ ಎಂಬುದು ಅವನಿಗೆ ಗೊತ್ತಿರುತ್ತಿತ್ತು. ಇಂದು ವಂದೇ ಭಾರತ್ ಎಂದು ಕರೆಯುವ ‘ಟ್ರೈನ್ 18’ ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯಿಂದ 2018ರ ಅಕ್ಟೋಬರಿನಲ್ಲಿ ಹೊರಬಂದಾಗ ಅಲ್ಲಿ ಜನರಲ್ ಮ್ಯಾನೇಜರ್ ಆಗಿದ್ದ ಸುಧಾಂಶು ಮಣಿ ಇದೇ ಪಡಸಾಲೆಯ ಹುಡುಗ. ಹೊರದೇಶದಿಂದ ರೈಲು ತರಿಸುವ ಮಾತಿನ ನಡುವೆ, ನಮ್ಮ ಕಾರ್ಖಾನೆಯಲ್ಲೇ ಮಾಡೋಣ ಎನ್ನುವ ಎದೆಗಾರಿಕೆ ಬರೀ ಫೈಲು ಓದಿ ಬರುವಂಥದ್ದಲ್ಲ ಎಂದು ನನ್ನ ಅನಿಸಿಕೆ.

ಹಾಗಾದರೆ ಆಕ್ಷೇಪ ಯಾವುದು? ಅದೇ ವರ್ಕ್‌ಶಾಪಿನಲ್ಲಿ, ಬಹುಶಃ ಪಕ್ಕದ ವೈಸ್ ಮೇಲೆ, ಅದೇ ಕಬ್ಬಿಣ ಉಜ್ಜುತ್ತಿದ್ದ ಇನ್ನೊಬ್ಬ ಹುಡುಗನ ಕೈಯೂ ಅಷ್ಟೇ ಕಪ್ಪಾಗುತ್ತಿತ್ತು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಬಂದವನು ಅವನು, ಅದಕ್ಕೇ ಆಕ್ಟ್ ಅಪ್ರೆಂಟಿಸ್. ಹತ್ತನೇ ತರಗತಿ ಮತ್ತು ಐಟಿಐ ಅಂಕಗಳ ಪಟ್ಟಿಯಲ್ಲಿ ಹೆಸರು ಬಂದು, ಒಂದು ವರ್ಷ ಕಲಿತು, ಸರ್ಟಿಫಿಕೇಟ್ ಹಿಡಿದು ಗೇಟಿನಿಂದ ಹೊರಗೆ ನಡೆಯುತ್ತಾನೆ. ನಮ್ಮ ಹುಬ್ಬಳ್ಳಿ, ಮೈಸೂರು ವರ್ಕ್‌ಶಾಪುಗಳ ಗೇಟಿನಲ್ಲೂ ಇದೇ ಕಥೆ. ರೈಲ್ವೆಯ ಕೆಳಹಂತದ ನೇಮಕಾತಿಯಲ್ಲಿ ಇಂಥವರಿಗೆ ಶೇಕಡ 20 ಮೀಸಲು ಇದೆ. ಮುಂಬೈಯ ಹುಡುಗರು ರೇಗಿದ್ದು ಇದರ ಮೇಲೇ. ಆ ಮಿತಿ ತೆಗೆದು ಎಲ್ಲರನ್ನೂ ಸೇರಿಸಿಕೊಳ್ಳಿ ಎಂದರು. ಆ ಮೀಸಲಿನಲ್ಲಿ ಕೆಲಸ ಸಿಕ್ಕರೂ ಫಿಟ್ಟರ್ ಕಲಿತವನಿಗೆ ಫಿಟ್ಟರ್ ಕೆಲಸವೇ ಸಿಗುತ್ತದೆಂದಿಲ್ಲ. ಟ್ರ್ಯಾಕ್‌ಮನ್ ಆಗಿ ಸುತ್ತಿಗೆ ಹೊತ್ತು ಹಳಿಗುಂಟ ನಡೆಯಬೇಕಾಗಬಹುದು. ಕಲಿಸಿದ ಖರ್ಚು ದಂಡ, ಕಲಿತ ಕೈಯೂ ದಂಡ.

ಮೇಲೆ ಹತ್ತುವ ದಾರಿ ಇಲ್ಲವೆಂದಲ್ಲ. ಟ್ರೇಡ್ ಟೆಸ್ಟ್ ಪಾಸಾಗಿ ಟೆಕ್ನಿಷಿಯನ್ ಗ್ರೇಡ್ 3, ಆಮೇಲೆ 2, 1, ಸೀನಿಯರ್ ಟೆಕ್ನಿಷಿಯನ್. ಇಲಾಖಾ ಪರೀಕ್ಷೆ ಗೆದ್ದರೆ ಜೂನಿಯರ್ ಇಂಜಿನಿಯರ್ ಹುದ್ದೆಯ ತರಬೇತಿ. ತಮಾಷೆ ನೋಡಿ, ಅಷ್ಟು ವರ್ಷ ದುಡಿದವನಿಗೆ ಆಗ ಇಲಾಖೆ ಕೊಡುವ ಹೆಸರು ‘ಇಂಟರ್‌ಮೀಡಿಯೇಟ್ ಅಪ್ರೆಂಟಿಸ್’. ತಲೆ ನರೆಯುವ ಹೊತ್ತಿಗೆ ಮತ್ತೆ ಅಪ್ರೆಂಟಿಸ್! ಅಲ್ಲಿಂದ ಸೀನಿಯರ್ ಸೆಕ್ಷನ್ ಇಂಜಿನಿಯರ್, ಮತ್ತೊಂದು ಪರೀಕ್ಷೆ, ಗ್ರೂಪ್ ಬಿ. ಸ್ಪೆಷಲ್ ಕ್ಲಾಸಿನವನು ಇಪ್ಪತ್ತೆರಡರ ಆಸುಪಾಸಿನಲ್ಲಿ ಶುರು ಮಾಡಿದ ಜಾಗಕ್ಕಿಂತ ಇದು ಇನ್ನೂ ಒಂದು ಮೆಟ್ಟಿಲು ಕೆಳಗೆ. ಎಷ್ಟೋ ಜನ ಇಲ್ಲಿಗೆ ಮುಟ್ಟುವಷ್ಟರಲ್ಲಿ ಬೀಳ್ಕೊಡುಗೆಯ ಹಾರ ತಯಾರಿರುತ್ತದೆ.

ಪ್ರತಿಭೆಗೆ ತಕ್ಕ ಜಾಗ, ಪರೀಕ್ಷೆ ಎಲ್ಲರಿಗೂ ತೆರೆದಿತ್ತಲ್ಲ ಎನ್ನುವವರಿದ್ದಾರೆ. ಪಿಯುಸಿ ವಿಜ್ಞಾನ ಓದಿಸುವಷ್ಟು ಅನುಕೂಲ, ಯುಪಿಎಸ್‌ಸಿ ಎಂಬ ಹೆಸರು ಕಿವಿಗೆ ಬೀಳುವಂಥ ಮನೆ, ಇವೆರಡೂ ಇದ್ದವರಿಗೆ ತೆರೆದಿತ್ತು. ಹತ್ತನೇ ತರಗತಿಯ ಕೊನೆಯಲ್ಲಿ ಸಿಕ್ಕ ಒಂದು ತಿರುವಿನಿಂದ ಇಡೀ ನೌಕರಿಯ ಎತ್ತರ ಗೊತ್ತಾಗಿಬಿಡುವುದಾದರೆ, ಮುಂದಿನ ಮೂವತ್ತು ವರ್ಷದ ದುಡಿಮೆಯನ್ನು ಅಳೆಯುವವರು ಯಾರು?

2015ರ ನಂತರ ಸ್ಪೆಷಲ್ ಕ್ಲಾಸ್ ಪರೀಕ್ಷೆ ನಡೆಯಲಿಲ್ಲ. 2019ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಎಂಟು ಸೇವೆಗಳನ್ನು ಸೇರಿಸಿ ಒಂದೇ ರೈಲ್ವೆ ಮ್ಯಾನೇಜ್‌ಮೆಂಟ್ ಸೇವೆ ಮಾಡಲು ಒಪ್ಪಿತು. ಅದಕ್ಕೆ ಸಿವಿಲ್ ಸರ್ವೀಸಸ್ ಪರೀಕ್ಷೆಯಿಂದ ಆರಿಸಿದರು. 2024ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯೂ ಬೇಕು ಎಂದು ತಿರುಗಿ ಬಂದರು. ಈ ಓಡಾಟವೆಲ್ಲ ಮೇಲಿನ ಏಣಿಯದು. ಸ್ಪೆಷಲ್ ಕ್ಲಾಸ್ ಮುಚ್ಚಿದ್ದನ್ನು ನಾನು ತಪ್ಪು ಎನ್ನುತ್ತೇನೆ, ಅದರ ಪಕ್ಷಪಾತ ಗೊತ್ತಿದ್ದೂ. ಸರಿಪಡಿಸುವುದಾದರೆ ಅಲ್ಲಿನ ಅರ್ಧದಷ್ಟು ಸೀಟನ್ನು ಆಕ್ಟ್ ಅಪ್ರೆಂಟಿಸ್‌ಗಳಿಗೂ ಎಳೆಯ ಟೆಕ್ನಿಷಿಯನ್ನರಿಗೂ ಬಿಟ್ಟುಕೊಟ್ಟು, ನಾಲ್ಕು ವರ್ಷ ಜಮಾಲ್‌ಪುರದಲ್ಲಿ ಓದಿಸಬಹುದಿತ್ತು. ಅದರ ಬದಲು ಅಧಿಕಾರಿಗಳನ್ನು ಅರ, ಲೇತುಗಳಿಂದ ಬಿಡಿಸಿದರು. ಅರ ಹಿಡಿದವನನ್ನು ಇದ್ದಲ್ಲೇ ಬಿಟ್ಟರು.

ಹುಬ್ಬಳ್ಳಿಯಿಂದ ನೈಋತ್ಯ ರೈಲ್ವೆ ಹೊರಡಿಸುವ ಆಕ್ಟ್ ಅಪ್ರೆಂಟಿಸ್ ಅಧಿಸೂಚನೆ ಈಗಲೂ ಬರುತ್ತದೆ, ಅರ್ಜಿಗಳೂ ರಾಶಿ ಬೀಳುತ್ತವೆ. ತರಬೇತಿ ಮುಗಿಸಿದ ಮಾತ್ರಕ್ಕೆ ರೈಲ್ವೆಯಲ್ಲಿ ಕೆಲಸ ಕೇಳುವ ಹಕ್ಕು ಬರುವುದಿಲ್ಲ ಎಂಬ ಷರತ್ತೂ ಅದರಲ್ಲಿರುತ್ತದೆ.