ಅಕ್ಷರ ಮೊದಲು, ಹೆಸರು ಆಮೇಲೆ

ಹೆಣ್ಣುಮಗು ಹುಟ್ಟಿತೆಂದು ಗೊತ್ತಾದ ಕೂಡಲೇ ಈಗ ನೆಂಟರಿಷ್ಟರು ಕೇಳುವುದು 'ಯಾವ ಅಕ್ಷರ ಬಂತು?' ಎಂದು. ಜನ್ಮನಕ್ಷತ್ರದ ಪಾದ ನೋಡಿ ಹೆಸರಿನ ಮೊದಲಕ್ಷರ ಗೊತ್ತುಮಾಡುವ ಈ ಪದ್ಧತಿಗೆ ಸಂಪ್ರದಾಯವೆಂಬ ದೊಡ್ಡ ಗೌರವ ಸಿಕ್ಕಿದೆ. ಅಷ್ಟು ಗೌರವಕ್ಕೆ ಅದು ಯೋಗ್ಯವಲ್ಲ.

ಪಂಚಾಂಗದ ಅವಕಹಡಾ ಚಕ್ರವನ್ನು ನಿಧಾನವಾಗಿ ಓದಿ. 27 ನಕ್ಷತ್ರ, ತಲಾ ನಾಲ್ಕು ಪಾದ, ಒಟ್ಟು 108 ಅಕ್ಷರ. ಅಶ್ವಿನಿಗೆ ಚು, ಚೇ, ಚೋ, ಲ, ತೊಡಕಿಲ್ಲ. ಆರಿದ್ರೆಗೆ ಬನ್ನಿ: ಕು, ಘ, ಙ, ಛ. ಹಸ್ತಕ್ಕೆ ಪು, ಷ, ಣ, ಠ. ಉತ್ತರಾಭಾದ್ರೆಗೆ ದು, ಥ, ಝ, ಞ. ಆರಿದ್ರೆಯ ಮೂರನೇ ಪಾದದಲ್ಲಿ ಹುಟ್ಟಿದ ಕೂಸಿಗೆ ಙಕಾರದ ಯಾವ ಹೆಸರಿಡೋಣ? ಜೋಯಿಸರಲ್ಲಿ ಉತ್ತರವುಂಟು: ಙ ಬಂದರೆ ಗ, ಞ ಬಂದರೆ ಜ, ಣ ಬಂದರೆ ಡ. ಆದರೆ ಅದೇ ಚಕ್ರದಲ್ಲಿ ಗ ಧನಿಷ್ಠೆಯದು, ಜ ಉತ್ತರಾಷಾಢೆಯದು, ಡ ಪುಷ್ಯದ್ದು. ಆರಿದ್ರೆಯ ಮಗು ಧನಿಷ್ಠೆಯ ಅಕ್ಷರ ಹೊತ್ತು ಬೆಳೆಯಬಹುದಾದರೆ, ಅಕ್ಷರಕ್ಕೂ ನಕ್ಷತ್ರಕ್ಕೂ ಬಿಡಿಸಲಾಗದ ನಂಟು ಉಳಿಯಿತೆಲ್ಲಿ? ಕರೆಯುವ ಹೆಸರನ್ನು ಕಟ್ಟಿಹಾಕಲು ಮಾಡಿದ ಚಕ್ರ ಇದಲ್ಲವೆಂದೇ ನನಗೆ ತೋರುತ್ತದೆ. ಆಪಸ್ತಂಬ ಗೃಹ್ಯಸೂತ್ರದಲ್ಲೂ ನಕ್ಷತ್ರನಾಮ ಗುಟ್ಟಾಗಿಡುವ ಹೆಸರು. ಬೀದಿಯಲ್ಲಿ ಕೂಗುವ ಹೆಸರಲ್ಲ.

ಶಾಸ್ತ್ರವೇ ಬೇಕೆನ್ನುವವರು ಮನುಸ್ಮೃತಿಯ ಎರಡನೇ ಅಧ್ಯಾಯ ನೋಡಲಿ. ಹೆಣ್ಣಿನ ಹೆಸರು ಸುಲಭವಾಗಿ ನುಡಿಯುವಂತಿರಬೇಕು, ಅರ್ಥ ತಿಳಿಯಾಗಿರಬೇಕು, ಕೊನೆಯಲ್ಲಿ ದೀರ್ಘವಿರಬೇಕು ಎಂದಿದೆ. ಮೊದಲಕ್ಷರದ ಮಾತೇ ಅಲ್ಲಿಲ್ಲ. ನಕ್ಷತ್ರ, ಮರ, ನದಿಯ ಹೆಸರಿನ ಕನ್ಯೆಯನ್ನು ಮದುವೆಯಾಗಬಾರದೆಂದು ಮೂರನೇ ಅಧ್ಯಾಯ ಹೇಳುತ್ತದೆ. ನಮ್ಮ ಹಿರಿಯರು ಅದನ್ನು ಲೆಕ್ಕಕ್ಕಿಡದೆ ಕಾವೇರಿ, ತುಂಗಾ, ರೋಹಿಣಿ, ತುಳಸಿ ಎಂದು ಮಕ್ಕಳನ್ನು ಕರೆದರು, ಅವರಿಗೆಲ್ಲ ಮದುವೆಯನ್ನೂ ಮಾಡಿದರು. ನಾನು ಮೆಚ್ಚುವುದು ಆ ಧೈರ್ಯವನ್ನು.

ಇವತ್ತಿನ ಅರ್ಥವಿಲ್ಲದ ಹೆಸರುಗಳಿಗೆ ಧಾರಾವಾಹಿಗಳನ್ನೂ ಇಂಗ್ಲಿಷ್ ಮೋಹವನ್ನೂ ದೂರುವ ವಿಮರ್ಶಕರಿದ್ದಾರೆ. ಅವರ ರೋಗನಿರ್ಣಯವೇ ತಪ್ಪು. ಧಾರಾವಾಹಿ ನೋಡಿ ಇಟ್ಟ ಹೆಸರನ್ನು ಕನಿಷ್ಠ ಒಬ್ಬಳು ಹೆಣ್ಣಿನ ಮುಖ ನೆನೆದು ಇಟ್ಟಿರುತ್ತಾರೆ. 'ಥ' ಬಂತೆಂದು ಮೊಬೈಲಿನಲ್ಲಿ ಪಟ್ಟಿ ಜಾಲಾಡುವ ತಂದೆತಾಯಿಗೆ ಆ ಮುಖವೂ ಇಲ್ಲ. ಆ ಪಟ್ಟಿಯಲ್ಲಿ ಯಾವ ನಿಘಂಟಿನಲ್ಲೂ ಇಲ್ಲದ ಪದದ ಮುಂದೆ 'ಲಕ್ಷ್ಮಿ', 'ದುರ್ಗೆ' ಎಂದು ಅರ್ಥ ಬರೆದಿರುತ್ತದೆ, ಅವರು ನಂಬಿಬಿಡುತ್ತಾರೆ. ಹಳೆಯ ಹೆಸರು ಹೋಯಿತೆಂದು ಮರುಗುವ ಇದೇ ವಿಮರ್ಶಕರು ಜೋಯಿಸರ ಚೀಟಿಯ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲ. ಅತ್ತಿಮಬ್ಬೆ, ಅಬ್ಬಕ್ಕ, ಓಬವ್ವ, ಚೆನ್ನಮ್ಮ ಇವರನ್ನು ಜಯಂತಿಯ ದಿನ ಹೊಗಳುವವರೂ ಮೊಮ್ಮಗಳಿಗೆ ಆ ಹೆಸರಿಡುವ ಮಾತೆತ್ತಿದರೆ ಅಕ್ಷರ ಕೂಡುವುದಿಲ್ಲ ಎನ್ನುತ್ತಾರೆ. ಚೀಟಿಯ ಬಗೆಗಿನ ಈ ಮೌನದ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಅಕ್ಷರ ನುಂಗಿದ್ದು ಅಜ್ಜಿಯ ಹೆಸರನ್ನು. ಹಿರಿಯ ಮಗಳಿಗೆ ಅಜ್ಜಿಯ ಹೆಸರಿಡುವ ರೂಢಿ ಎಷ್ಟೋ ಮನೆಗಳಲ್ಲಿತ್ತು. ಆದರೆ ಸೊಸೆ ಅತ್ತೆಯ ಹೆಸರೆತ್ತಿ ಮಗಳನ್ನು ಗದರುವಂತಿರಲಿಲ್ಲ. ಹಾಗಾಗಿ ಪುಟ್ಟಿ, ಚಿನ್ನಿ, ಅಮ್ಮಣ್ಣಿ ಎಂಬ ಇನ್ನೊಂದು ಹೆಸರೂ ಜೊತೆಗೆ ಬರುತ್ತಿತ್ತು. ಒಂದೇ ಮಗುವಿಗೆ ಎರಡು ಮೂರು ಹೆಸರು ಯಾರಿಗೂ ಭಾರವಾಗಿರಲಿಲ್ಲ.

ಆದ್ದರಿಂದ ನಕ್ಷತ್ರನಾಮವನ್ನು ನಾಮಕರಣದ ದಿನ ಕಿವಿಯಲ್ಲಿ ಹೇಳಿ ಮುಗಿಸಲಿ. ಕರೆಯುವ ಹೆಸರಿಗೆ ಅವಸರವಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಹೆಸರಿಲ್ಲದೆಯೂ ಜನನ ನೋಂದಾಯಿಸಬಹುದು. 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅಷ್ಟರಲ್ಲಿ ಮನೆಯವರು ಯೋಚಿಸಲಿ, ಅಜ್ಜಿಯನ್ನೂ ಕೇಳಲಿ.