ಹೊಲಿಗೆ ಬಿದ್ದ ಭುಜದ ಬೌಲಿಂಗ್

ಫ್ಯಾಂಟಸಿ ಟೀಮ್ ಕಟ್ಟುವವರು ಗಾಯದಿಂದ ಮರಳಿ ಬಂದ ಹಿರಿಯ ಬೌಲರ್ ಅಂದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಕೈಯಲ್ಲಿರುವುದು ನೂರು ಕ್ರೆಡಿಟ್, ಆರಿಸಬೇಕಾದವರು ಹನ್ನೊಂದು ಜನ. ಕ್ಯಾಪ್ಟನ್ ಹಾಕಿದವನ ಪಾಯಿಂಟ್ ಎರಡು ಪಟ್ಟು, ವೈಸ್ ಕ್ಯಾಪ್ಟನ್‌ನದು ಒಂದೂವರೆ ಪಟ್ಟು. ಹೀಗಿರುವಾಗ ನಾಲ್ಕು ಓವರ್ ಪೂರ್ತಿ ಹಾಕುತ್ತಾನೋ ಇಲ್ಲವೋ ತಿಳಿಯದವನ ಮೇಲೆ ಯಾರು ಭಾರ ಹಾಕುತ್ತಾರೆ? ನಾನು ಹಾಕುತ್ತೇನೆ. ಕ್ರಿಕೆಟ್‌ನಲ್ಲಿ ನನಗೆ ಅತಿ ಹೆಚ್ಚು ಸುಖ ಕೊಟ್ಟಿರುವುದು ಇಂಥವರ ಬೌಲಿಂಗೇ.

ನಮ್ಮ ಇಬ್ರಾಹಿಂಪುರದಲ್ಲಿ ಐಪಿಎಲ್ ದಿನಗಳ ಸಂಜೆ ಚಹಾದಂಗಡಿ ಮುಂದೆ ನಿಂತರೆ ಸಾಕು, ಟೀಮ್ ಕಟ್ಟುವ ವಿದ್ಯೆಯೆಲ್ಲ ಕಿವಿಗೆ ಬೀಳುತ್ತದೆ. 2025ರ ಆಗಸ್ಟ್‌ನಲ್ಲಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಬಂತು. ಬಂದದ್ದು ಒಳ್ಳೆಯದೇ ಆಯಿತು. ಹಣ ಹೋದರೂ ಹುಡುಗರ ವಾದ ಹೋಗಿಲ್ಲ. ಕಾಯ್ದೆಗೆ ಮುಂಚಿನ ಬೇಸಿಗೆಯಲ್ಲಿ ಪ್ರಸಿದ್ಧ್ ಕೃಷ್ಣನ ಹೆಸರು ಬಂದಾಗ ನಡೆದ ಮಾತು ನೆನಪಿದೆ.

“ಕಾಕಾ, ಅಂವನ್ನ ತಗೋಬ್ಯಾಡ್ರಿ. ಮೊದಲ ಬೆನ್ನು, ಆಮ್ಯಾಲೆ ತೊಡಿ. ಎರಡು ಐಪಿಎಲ್ ಆಡೇ ಇಲ್ಲ.”

“ಓಡಿ ಬರೋದು ನೋಡೋ ತಮ್ಮಾ. ಚೆಂಡ ಬಿಟ್ಟ ಮ್ಯಾಲೆ ಮುಂದಿನ ಕಾಲಮ್ಯಾಲೆ ಹೆಂಗ ನಿಲ್ತಾನ ನೋಡು. ಪಾಯಿಂಟ್ ಆಮ್ಯಾಲೆ ಎಣಿಸು.”

ಬೆನ್ನುಮೂಳೆಯ ಸ್ಟ್ರೆಸ್ ಫ್ರಾಕ್ಚರ್‌ನಿಂದ 2023ರ ಐಪಿಎಲ್, ತೊಡೆಯ ಸ್ನಾಯುವಿನ ಶಸ್ತ್ರಚಿಕಿತ್ಸೆಯಿಂದ 2024ರದ್ದು, ಎರಡನ್ನೂ ಕಳೆದುಕೊಂಡಿದ್ದ ನಮ್ಮ ಬೆಂಗಳೂರಿನ ಹುಡುಗ ಅವನು. 2025ರಲ್ಲಿ ಗುಜರಾತ್ ಟೈಟನ್ಸ್ ಪರ 25 ವಿಕೆಟ್ ಕಿತ್ತು ನೇರಳೆ ಟೋಪಿ ತೊಟ್ಟ. ಮುಂದಿನ ಕಾಲು ನೆಲಕ್ಕೆ ಬಡಿಯುವ ಕ್ಷಣದಲ್ಲಿ ವೇಗದ ಬೌಲರ್‌ನ ಮೈಭಾರದ ಎಷ್ಟೋ ಪಟ್ಟು ಒತ್ತಡ ಆ ಕಾಲು, ಆ ಬೆನ್ನಿನ ಮೇಲೆ ಬೀಳುತ್ತದೆ. ನೋವಿನ ನೆನಪು ಉಳಿದವನು ಅಲ್ಲಿ ಕೂದಲೆಳೆಯಷ್ಟು ಹಿಂಜರಿಯುತ್ತಾನೆ, ಚೆಂಡು ಲೆಗ್ ಕಡೆ ಜಾರುತ್ತದೆ. ಪ್ರಸಿದ್ಧ್ ಹಿಂಜರಿಯಲಿಲ್ಲ. ಗುಡ್ ಲೆಂಗ್ತ್‌ಗಿಂತ ಒಂದು ಗೇಣು ಹಿಂದೆ, ಮತ್ತೆ ಮತ್ತೆ ಅಲ್ಲಿಯೇ ಕುಟ್ಟಿದ.

ಆದರೆ ಹಿರಿಯನೊಬ್ಬ ಮರಳಿ ಬರುವುದರ ರುಚಿಯೇ ಬೇರೆ. ಅದನ್ನು ಪೂರ್ತಿ ಸವಿಯಬೇಕಾದರೆ ಅನಿಲ್ ಕುಂಬ್ಳೆ ಹತ್ತಿರ ಹೋಗಬೇಕು.

2000ದ ಕೊನೆಗೆ ಕುಂಬ್ಳೆಯ ಬಲ ಭುಜಕ್ಕೆ ಶಸ್ತ್ರಚಿಕಿತ್ಸೆ ಆಯಿತು. ವಯಸ್ಸು ಮೂವತ್ತು. ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತು ಎರಡು ವರ್ಷವೂ ಆಗಿರಲಿಲ್ಲ. ಅವರು ಮನೆಯಲ್ಲಿ ಕೂತಿದ್ದಾಗಲೇ 2001ರಲ್ಲಿ ಸ್ಟೀವ್ ವಾನ ಆಸ್ಟ್ರೇಲಿಯಾ ಬಂತು, ಹರಭಜನ್ ಮೂರು ಟೆಸ್ಟ್‌ಗಳಲ್ಲಿ 32 ವಿಕೆಟ್ ಕಿತ್ತ, ಭಾರತಕ್ಕೆ ಹೊಸ ಸ್ಪಿನ್ನರ್ ಸಿಕ್ಕ. ಫ್ಯಾಂಟಸಿ ಲೆಕ್ಕದಲ್ಲಿ ಕುಂಬ್ಳೆಯ ಬೆಲೆ ಇಳಿಯಲು ಇನ್ನೇನು ಬೇಕು? ಆ ವರ್ಷದ ಕೊನೆಗೆ ಮರಳಿ ಬಂದವರು ಚಿನ್ನಸ್ವಾಮಿಯಲ್ಲಿ ಇಂಗ್ಲೆಂಡಿನ ಹಾಗರ್ಡ್‌ನನ್ನು ಔಟ್ ಮಾಡಿ 300 ಮುಟ್ಟಿದರು. ಅದು ಅವರ 66ನೇ ಟೆಸ್ಟ್. ಕೊನೆಗೆ ಆಡಿದ್ದು 132, ತೆಗೆದದ್ದು 619. ಅಂದರೆ ಆ ಕತ್ತರಿ ಬಿದ್ದ ಭುಜವೇ ಅರ್ಧಕ್ಕಿಂತ ಹೆಚ್ಚು ವಿಕೆಟ್ ದುಡಿದಿದೆ.

ಫ್ಯಾಂಟಸಿ ಆಟ ಮೊದಲು ಬೆಳೆದದ್ದು ಅಮೆರಿಕದ ಬೇಸ್‌ಬಾಲ್ ಸುತ್ತ. 1980ರಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ನ್ಯೂಯಾರ್ಕಿನ ಒಂದು ಹೋಟೆಲಿನ ಹೆಸರಿಟ್ಟು ಶುರು ಮಾಡಿದ್ದು. ಅಲ್ಲಿಯೂ ಇದೇ ಕತೆ ಇದೆ. ಟಾಮಿ ಜಾನ್ ಎಂಬ ಎಡಗೈ ಪಿಚರ್‌ನ ಮೊಣಕೈಗೆ 1974ರಲ್ಲಿ ಡಾ. ಫ್ರಾಂಕ್ ಜೋಬ್ ಬಲಗೈಯ ಸ್ನಾಯುರಜ್ಜು ತೆಗೆದು ಕಟ್ಟಿದರು. 1975 ಪೂರ್ತಿ ಕೂತು, 1976ರಲ್ಲಿ ಮರಳಿ ಬಂದವನು 46ನೇ ವಯಸ್ಸಿನವರೆಗೆ ಎಸೆದ. ಅವನ 288 ಗೆಲುವುಗಳಲ್ಲಿ 164 ಬಂದದ್ದು ಆ ಹೊಲಿಗೆಯ ನಂತರ. ಎಲ್ಲಿಯ ಟಾಮಿ ಜಾನ್‌ನ ಲಾಸ್ ಏಂಜಲೀಸ್, ಎಲ್ಲಿಯ ಕುಂಬ್ಳೆಯ ಬಸವನಗುಡಿ. ಆದರೂ ಈ ಇಬ್ಬರನ್ನೂ ಒಟ್ಟಿಗೆ ಇಟ್ಟು ನೋಡುವಾಗ ನನಗೆ ತುಂಬ ಸಂತೋಷವಾಗುತ್ತದೆ.

ಕುಂಬ್ಳೆಯ ಹಳೆಯ ಆಸ್ತಿ ವೇಗ. ಎತ್ತರದ ತೋಳಿನಿಂದ ಇಳಿಯುವ ಲೆಗ್ ಬ್ರೇಕ್ ಹೆಚ್ಚು ತಿರುಗುತ್ತಿರಲಿಲ್ಲ, ಪುಟಿಯುತ್ತಿತ್ತು. ಜೊತೆಗೆ ಫ್ಲಿಪ್ಪರ್: ಹೆಬ್ಬೆರಳು ಮತ್ತು ಮೊದಲೆರಡು ಬೆರಳುಗಳ ನಡುವಿನಿಂದ ಚಿಟಿಕೆ ಹೊಡೆದಂತೆ ಹಿಂಡಿ ಬಿಟ್ಟ ಚೆಂಡು ಹಿಮ್ಮುಖ ಸುತ್ತುತ್ತ ಬಂದು, ನೆಲ ಮುಟ್ಟಿದ್ದೇ ತಡ ಏಳದೆ ಜಾರುತ್ತದೆ. ಬ್ಯಾಟು ಇಳಿಯುವಷ್ಟರಲ್ಲಿ ಪ್ಯಾಡಿಗೆ ಬಡಿದ ಸದ್ದು. ಭುಜ ಗುಣವಾಗಿ ಬಂದ ಮೇಲೆ ಈ ವೇಗ ಕಡಿಮೆಯಾದದ್ದನ್ನು ಎಲ್ಲರೂ ನಷ್ಟ ಎಂದು ಬರೆದುಕೊಂಡರು. ನನ್ನ ಕಣ್ಣಿಗೆ ಅಲ್ಲಿಂದಲೇ ಹಬ್ಬ ಶುರು.

2003ರ ಡಿಸೆಂಬರ್ ನೋಡಿ. ಬ್ರಿಸ್ಬೇನ್ ಟೆಸ್ಟ್‌ನಲ್ಲಿ ಕುಂಬ್ಳೆ ತಂಡದ ಹೊರಗೆ. ಆಗ ಹರಭಜನ್ ಬೆರಳಿಗೆ ಪೆಟ್ಟಾಯಿತು. ಒಬ್ಬನ ಭುಜ ಇನ್ನೊಬ್ಬನಿಗೆ ಬಾಗಿಲು ತೆರೆದಿತ್ತು, ಈಗ ಅವನ ಬೆರಳು ಇವರಿಗೆ ತೆರೆಯಿತು. ಅಡಿಲೇಡ್‌ನಲ್ಲಿ ಆಸ್ಟ್ರೇಲಿಯಾ ಮೊದಲ ದಿನವೇ 400 ಹೊಡೆಯಿತು. ಆ ದಿನದ ಪಾಯಿಂಟ್ ನೋಡಿದವನು ಕುಂಬ್ಳೆಯನ್ನು ತೆಗೆದೇ ಹಾಕುತ್ತಿದ್ದ. ಇನಿಂಗ್ಸ್ ಮುಗಿದಾಗ 154ಕ್ಕೆ 5. ಮೆಲ್ಬರ್ನ್‌ನಲ್ಲಿ 176ಕ್ಕೆ 6. ಸಿಡ್ನಿಯಲ್ಲಿ 141ಕ್ಕೆ 8. ಮೂರು ಟೆಸ್ಟ್, 24 ವಿಕೆಟ್.

ಆ ಸರಣಿಯಲ್ಲಿ ಅವರ ಗೂಗ್ಲಿ ನಿಧಾನವಾಗಿತ್ತು. ಅದೇ ಓಟ, ಅದೇ ಎತ್ತರದ ನೆಗೆತ, ಅದೇ ತೋಳು. ಕೊನೆಯಲ್ಲಿ ಮಣಿಕಟ್ಟು ಮಾತ್ರ ಇನ್ನಷ್ಟು ಒಳಗೆ ತಿರುಗಿ ಕೈಯ ಹಿಂಬದಿ ಬ್ಯಾಟ್ಸ್‌ಮನ್‌ಗೆ ಕಾಣುತ್ತದೆ. ವೇಗದ ಚೆಂಡನ್ನು ಕಾಯುತ್ತಿರುವವನ ಬ್ಯಾಟು ಮೊದಲೇ ಬಂದು ನಿಂತಿರುತ್ತದೆ, ಚೆಂಡು ಇನ್ನೂ ಗಾಳಿಯಲ್ಲಿರುತ್ತದೆ. ಆ ಅರ್ಧ ಕ್ಷಣದಲ್ಲಿ ಬ್ಯಾಟ್ಸ್‌ಮನ್ ಪಡುವ ಗೊಂದಲ ಎಷ್ಟು ಸಲ ನೋಡಿದರೂ ನನಗೆ ಸಾಲದು. ಇದಕ್ಕೆ ಯಾವ ಆಪ್‌ನಲ್ಲೂ ಪಾಯಿಂಟ್ ಇಲ್ಲ. ಹಿಂದಿನ ಎರಡು ಓವರ್‌ಗಳಲ್ಲಿ ಬೇಕೆಂದೇ ವೇಗವಾಗಿ ಹಾಕಿದ ಚೆಂಡುಗಳಿಗೂ ಇಲ್ಲ, ಇದು ಅವುಗಳ ಫಲವೇ ಆದರೂ. ಸಿಡ್ನಿಯ ಕೊನೆಯ ದಿನ ಸ್ಟೀವ್ ವಾ, ತನ್ನ ಕಟ್ಟಕಡೆಯ ಟೆಸ್ಟ್ ಇನಿಂಗ್ಸ್‌ನಲ್ಲಿ 80 ಹೊಡೆದು, ಕುಂಬ್ಳೆಯ ಚೆಂಡನ್ನು ಲೆಗ್ ಕಡೆ ಎತ್ತಿ ಬಾರಿಸಿ ಬೌಂಡರಿ ಹತ್ತಿರ ತೆಂಡೂಲ್ಕರ್ ಕೈಗೆ ಸಿಕ್ಕ. ಅಷ್ಟು ಜಾಣನಿಗೂ ಚೆಂಡಿನ ಕೆಳಗೆ ಪೂರ್ತಿ ಹೋಗಲಾಗಲಿಲ್ಲ.

ಆಂಟಿಗುವಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಲಾರಾನನ್ನು ಔಟ್ ಮಾಡಿದ್ದನ್ನೇ ಜನ ಹೆಚ್ಚು ಹೇಳುತ್ತಾರೆ. ಅದು ದೊಡ್ಡ ಧೈರ್ಯ, ಕೈ ಮುಗಿಯುತ್ತೇನೆ. ರಸಿಕನಾಗಿ ಕೂತಾಗ ಮಾತ್ರ ನನಗೆ ಆ ನಿಧಾನದ ಗೂಗ್ಲಿಯೇ ಹೆಚ್ಚು.

ಕಾಯಿಸಿ ಕೂರಿಸಿದ ಬೌಲರ್‌ನ ಬೆಲೆ ನಮ್ಮ ಊರಿಗೆ ಗೊತ್ತಿದೆ. 2017ರ ಮಹಿಳಾ ವಿಶ್ವಕಪ್‌ನಲ್ಲಿ ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ ಆರು ಪಂದ್ಯ ಬೆಂಚಿನ ಮೇಲೆ ಕೂತಿದ್ದಳು. ಗಾಯ ಕಾರಣವಲ್ಲ, ತಂಡದಲ್ಲಿ ಜಾಗವಿರಲಿಲ್ಲ. ಗೆಲ್ಲಲೇಬೇಕಿದ್ದ ಡರ್ಬಿ ಪಂದ್ಯಕ್ಕೆ ಕರೆದರು. 15 ರನ್‌ಗೆ 5 ವಿಕೆಟ್, ನ್ಯೂಜಿಲೆಂಡ್ 79ಕ್ಕೆ ಆಲೌಟ್ ಆಯಿತು. ಆವತ್ತು ಎಷ್ಟು ಜನ ಅವಳನ್ನು ಟೀಮಿಗೆ ಹಾಕಿದ್ದರೋ!

ಕುಂಬ್ಳೆಯ ಲೆಕ್ಕ ಟೆಸ್ಟ್‌ಗೇ ಮುಗಿಯಲಿಲ್ಲ. 2008ರ ನವೆಂಬರ್‌ನಲ್ಲಿ ಕೋಟ್ಲಾದಲ್ಲಿ ಬೆರಳಿಗೆ ಹೊಲಿಗೆ ಹಾಕಿಸಿಕೊಂಡು ಟೆಸ್ಟ್‌ಗೆ ವಿದಾಯ ಹೇಳಿದವರು, ಮರುವರ್ಷದ ಐಪಿಎಲ್ ವೇಳೆ ಏಪ್ರಿಲ್‌ನಲ್ಲಿ ಕೇಪ್‌ಟೌನ್‌ನಲ್ಲಿ ಆರ್‌ಸಿಬಿ ಪರ ರಾಜಸ್ಥಾನದ ವಿರುದ್ಧ 5 ರನ್ ಕೊಟ್ಟು 5 ವಿಕೆಟ್ ಕಿತ್ತರು. ವಯಸ್ಸು 38. ಫೈನಲ್‌ನಲ್ಲಿ ಹೊಸ ಚೆಂಡು ತಾವೇ ಹಿಡಿದು ಮೊದಲ ಓವರ್‌ನಲ್ಲೇ ಗಿಲ್‌ಕ್ರಿಸ್ಟ್‌ನನ್ನು ಸೊನ್ನೆಗೆ ಬೌಲ್ಡ್ ಮಾಡಿದರು. ಒಟ್ಟು 16ಕ್ಕೆ 4. ಆರ್‌ಸಿಬಿ 6 ರನ್‌ಗಳಿಂದ ಸೋತಿತು, ಪಂದ್ಯಶ್ರೇಷ್ಠ ಪ್ರಶಸ್ತಿ ಸೋತ ತಂಡದ ಕ್ಯಾಪ್ಟನ್‌ಗೇ ಬಂತು.