ನೆತ್ತಿಯ ನಾಟಿ: ಒಳ್ಳೆಯ ವಿದ್ಯೆ, ಅವಸರದ ವ್ಯಾಪಾರ

ಗಂಡಸರ ಸೌಂದರ್ಯ ಚಿಕಿತ್ಸೆಗಳಲ್ಲಿ ಕೂದಲು ನಾಟಿಯಷ್ಟು ಬೇಗ ಮನೆಮಾತಾದದ್ದು ಇನ್ನೊಂದಿಲ್ಲ. ಬೆಂಗಳೂರಿನ ಮಾತಿರಲಿ, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲೂ ಹೇರ್ ಟ್ರಾನ್ಸ್‌ಪ್ಲಾಂಟ್ ಫಲಕಗಳು ಕಣ್ಣಿಗೆ ಬೀಳುತ್ತವೆ. ಒಂದೇ ದಿನದ ಕೆಲಸ, ನೋವಿಲ್ಲ, ಫಲ ಶಾಶ್ವತ, ಹಣ ಕಂತಿನಲ್ಲಿ ಕಟ್ಟಿದರೂ ಆದೀತು ಎಂದು ಜಾಹೀರಾತುಗಳು ಹೇಳುತ್ತವೆ. ಇವುಗಳಲ್ಲಿ ಶಾಶ್ವತ ಫಲದ ಭರವಸೆಯನ್ನು ಹತ್ತಿರದಿಂದ ನೋಡಬೇಕು. ಈ ಶಸ್ತ್ರಚಿಕಿತ್ಸೆಯ ಶಕ್ತಿಯೂ ಮಿತಿಯೂ ಅಲ್ಲಿಯೇ ಇವೆ.

ಗಂಡಸರ ತಲೆ ಬೋಳಾಗುವುದಕ್ಕೆ ನೀರು, ಶಾಂಪೂ, ಹೆಲ್ಮೆಟ್ಟುಗಳನ್ನು ದೂರುವುದು ರೂಢಿ. ನಿಜವಾದ ಕಾರಣ ಅನುವಂಶೀಯತೆ ಮತ್ತು ಹಾರ್ಮೋನು. ಟೆಸ್ಟೊಸ್ಟೆರಾನ್‌ನಿಂದ ಹುಟ್ಟುವ ಡಿಎಚ್‌ಟಿ ಎಂಬ ಹಾರ್ಮೋನು ಹಣೆಯ ಮೇಲಿನ ಮತ್ತು ನೆತ್ತಿಯ ಕೂದಲ ಬುಡಗಳನ್ನು ವರ್ಷದಿಂದ ವರ್ಷಕ್ಕೆ ಕುಗ್ಗಿಸುತ್ತಾ ಹೋಗುತ್ತದೆ. ತಲೆಯ ಹಿಂಭಾಗ ಮತ್ತು ಕಿವಿಯ ಪಕ್ಕದ ಕೂದಲಿಗೆ ಅದರ ಬಾಧೆ ಬಹಳ ಕಡಿಮೆ. ಹಿಂದಿನ ಕೂದಲನ್ನು ಮುಂದಕ್ಕೆ ತಂದು ನೆಟ್ಟರೂ ಅದು ತನ್ನ ಮೂಲಗುಣ ಬಿಡುವುದಿಲ್ಲ ಎಂದು ತೋರಿಸಿಕೊಟ್ಟವರು ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆನ್‌ಟ್ರೈಕ್. 1952ರಲ್ಲಿ ಅವರು ಮಾಡಿದ ಮೊದಲ ಪ್ರಯೋಗವೇ ಇವತ್ತಿನ ಉದ್ಯಮದ ಬೇರು. ಅದಕ್ಕೂ ಮುಂಚೆ, 1939ರಲ್ಲಿ, ಜಪಾನಿನ ಶೋಜಿ ಒಕುಡ ಸುಟ್ಟಗಾಯವಾದ ತಲೆಗಳ ಮೇಲೆ ಕೂದಲು ಕಸಿ ಮಾಡಿ ಯಶಸ್ಸು ಕಂಡಿದ್ದರು.

ಆದ್ದರಿಂದ ನೆಟ್ಟ ಕೂದಲು ಬಹುಕಾಲ ಉಳಿಯುತ್ತದೆ ಎಂಬುದು ಸುಳ್ಳಲ್ಲ. ಆದರೆ ಅದರ ಅಕ್ಕಪಕ್ಕ, ಹಿಂದೆ ಇರುವ ಹುಟ್ಟುಗೂದಲು ಉದುರುವುದನ್ನು ಯಾವ ನಾಟಿಯೂ ನಿಲ್ಲಿಸುವುದಿಲ್ಲ. ಇಪ್ಪತ್ತೆರಡರ ಹುಡುಗ ಹಣೆಯ ಮೇಲೆ ತಗ್ಗಾಗಿ, ನೇರವಾಗಿ ಗೆರೆ ಎಳೆಸಿಕೊಂಡು ಕೂದಲು ನೆಡಿಸಿಕೊಂಡ ಎನ್ನಿ. ನಲವತ್ತಕ್ಕೆ ಬರುವಾಗ ಮುಂದಿನ ಗೆರೆ ಹಾಗೇ ಇರುತ್ತದೆ, ಅದರ ಹಿಂದೆ ನೆತ್ತಿ ಬಯಲಾಗಿರುತ್ತದೆ. ಆಗ ಮತ್ತೆ ನೆಡಲು ಹೊರಟರೆ ಕೂದಲು ಬೇಕಲ್ಲ? ಒಟ್ಲುಪಾತಿಯಲ್ಲಿ ಎಷ್ಟು ಸಸಿ ಇದೆಯೋ ಅಷ್ಟೇ ಗದ್ದೆಗೆ ನಾಟಿ ಮಾಡಲಾಗುವಂತೆ, ಹಿಂದಲೆಯಲ್ಲಿ ಎಷ್ಟು ಬುಡಗಳಿವೆಯೋ ಅಷ್ಟರಲ್ಲೇ ಜೀವಮಾನದ ಲೆಕ್ಕ ಮುಗಿಯಬೇಕು. ಒಮ್ಮೆ ಕಿತ್ತ ಜಾಗದಲ್ಲಿ ಇನ್ನೊಂದು ಹುಟ್ಟುವುದಿಲ್ಲ. ಈ ಶಸ್ತ್ರಚಿಕಿತ್ಸೆ ಹೊಸ ಕೂದಲು ಕೊಡುವುದಿಲ್ಲ, ಇರುವುದನ್ನು ಸ್ಥಳಾಂತರಿಸುತ್ತದೆ.

ಕೆಲಸದ ಕುಸುರಿ ಮಾತ್ರ ಮೆಚ್ಚತಕ್ಕದ್ದೇ. ಹಿಂದೆಲ್ಲ 4 ಮಿಲಿಮೀಟರಿನ ಬಿಲ್ಲೆಗಳನ್ನು ಕತ್ತರಿಸಿ ನೆಡುತ್ತಿದ್ದರು. ತಲೆ ಗೊಂಬೆಯ ತಲೆಯಂತೆ ಕುಚ್ಚುಕುಚ್ಚಾಗಿ ಕಾಣುತ್ತಿತ್ತು. ಈಗ ಎಫ್‌ಯುಇ ವಿಧಾನದಲ್ಲಿ ಒಂದು ಮಿಲಿಮೀಟರಿಗೂ ಸಣ್ಣ ಕೊಳವೆಯಿಂದ ಬುಡಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ತಲೆ ಬೋಳಿಸಿ, ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಬೋರಲು ಮಲಗಿಸಿ ಗಂಟೆಗಟ್ಟಲೆ ಈ ಕೆಲಸ ನಡೆಯುತ್ತದೆ. ಬಿಡಿಸಿದ ಗ್ರಾಫ್ಟುಗಳನ್ನು ತಣ್ಣನೆಯ ಸಲೈನಿನಲ್ಲಿ ಒಣಗದಂತೆ ಇಟ್ಟು, ಒಂದು ಕೂದಲಿನವು, ಎರಡರವು, ಮೂರರವು ಎಂದು ವಿಂಗಡಿಸುತ್ತಾರೆ. ಒಂಟಿ ಕೂದಲಿನವು ಹಣೆಯ ಅಂಚಿಗೆ, ಜೋಡಿಯವು ಅದರ ಹಿಂದಕ್ಕೆ. ನೆಡುವ ಸೀಳು ಮುಂದಲೆಯಲ್ಲಿ ಮುಂದಕ್ಕೆ ಬಾಗಿರಬೇಕು, ಕಣತಲೆಯ ಹತ್ತಿರ ಕೆಳಮುಖವಾಗಿ ಹೆಚ್ಚು ಕಡಿಮೆ ಚರ್ಮಕ್ಕೆ ಒರಗಿರಬೇಕು. ಕೋನ ತಪ್ಪಿತೋ, ಕೂದಲು ಬೆಳೆದರೂ ನೋಡಿದವರಿಗೆ ಗೊತ್ತಾಗುತ್ತದೆ. ನೆಟ್ಟ ಕೂದಲು ಕೆಲವೇ ವಾರಗಳಲ್ಲಿ ಉದುರಿ, ಮೂರು ನಾಲ್ಕು ತಿಂಗಳ ಮೇಲೆ ಮತ್ತೆ ಚಿಗುರುತ್ತದೆ. ಪೂರ್ಣ ಫಲಕ್ಕೆ ವರ್ಷ ಕಾಯಬೇಕು. ನುರಿತ ಕೈಯಲ್ಲಿ, ತಕ್ಕ ವಯಸ್ಸಿನಲ್ಲಿ, ತಕ್ಕ ತಲೆಯ ಮೇಲೆ ನಡೆದಾಗ ಇದು ನಿಜಕ್ಕೂ ಸೊಗಸಾದ ವಿದ್ಯೆ.

ಇಷ್ಟು ನಾಜೂಕಿನ ಕೆಲಸ ಯಾರ ಕೈಗೆ ಸಿಕ್ಕಿದೆ ಎಂಬುದೇ ನನ್ನ ಆಕ್ಷೇಪ. ಎಷ್ಟೋ ಕಡೆ ವೈದ್ಯರು ಗೆರೆ ಬರೆದು ಹೋಗುತ್ತಾರೆ, ಉಳಿದದ್ದನ್ನು ತಂತ್ರಜ್ಞರು ಮುಗಿಸುತ್ತಾರೆ. ಗ್ರಾಫ್ಟಿಗೆ ಇಷ್ಟು ಎಂದು ದರ ಕಟ್ಟುವುದರಿಂದ ಹೆಚ್ಚು ಕಿತ್ತಷ್ಟೂ ಲಾಭ. ರೋಗಿಯ ಹಿತ ಮಾತ್ರ ಆದಷ್ಟು ಉಳಿಸಿಕೊಳ್ಳುವುದರಲ್ಲಿದೆ. ನೆತ್ತಿಯೆಲ್ಲ ಚುಚ್ಚುವ ಲಿಗ್ನೊಕೇನ್ ಎಂಬ ಮರಗಟ್ಟಿಸುವ ಮದ್ದಿಗೂ ದೇಹದ ತೂಕಕ್ಕೆ ತಕ್ಕ ಮಿತಿಯುಂಟು. ಅದು ಮೀರಿದರೆ ಸೆಳವು ಬರಬಹುದು, ಹೃದಯದ ಲಯ ತಪ್ಪಬಹುದು. ಅಂಥ ಹೊತ್ತಿನಲ್ಲಿ ಜೀವ ಉಳಿಸಬಲ್ಲ ಸಲಕರಣೆ, ಸಿಬ್ಬಂದಿ ಪಕ್ಕದಲ್ಲೇ ಇರಬೇಕು. 2016ರಲ್ಲಿ ಚೆನ್ನೈನಲ್ಲಿ ಕೂದಲು ನೆಡಿಸಿಕೊಳ್ಳಲು ಹೋಗಿ ಪ್ರಾಣ ಕಳೆದುಕೊಂಡ ತರುಣ ಸ್ವತಃ ವೈದ್ಯಕೀಯ ವಿದ್ಯಾರ್ಥಿ. 2025ರಲ್ಲಿ ಕಾನ್ಪುರದಿಂದಲೂ ಇಂಥ ಸಾವುಗಳ ಸುದ್ದಿ ಬಂತು. ನಡುವೆ, 2022ರಲ್ಲಿ, ರಾಷ್ಟ್ರೀಯ ವೈದ್ಯಕೀಯ ಆಯೋಗ ಮಾರ್ಗಸೂಚಿ ಹೊರಡಿಸಿ, ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತದ್ದು ಇದಕ್ಕೆ ಸಾಲದು, ಪ್ಲಾಸ್ಟಿಕ್ ಸರ್ಜರಿ ಅಥವಾ ಚರ್ಮರೋಗ ಶಾಸ್ತ್ರದಲ್ಲಿ ತರಬೇತಿ ಬೇಕು ಎಂದು ಹೇಳಿತು. ಆಯೋಗವೊಂದು ಇದನ್ನು ಬರೆದು ಹೇಳಬೇಕಾಗಿ ಬಂತೆಂದರೆ ಪರಿಸ್ಥಿತಿ ಎಲ್ಲಿಗೆ ಮುಟ್ಟಿತ್ತೆಂದು ಊಹಿಸಬಹುದು.

ಔಷಧಗಳ ವಿಷಯದಲ್ಲೂ ವ್ಯಾಪಾರದ ಅವಸರವೇ ಕಾಣುತ್ತದೆ. ಮಿನಾಕ್ಸಿಡಿಲ್ ಹಚ್ಚುವುದು, ವೈದ್ಯರ ಸಲಹೆಯಂತೆ ಫಿನಾಸ್ಟರೈಡ್ ನುಂಗುವುದು, ಇವೆರಡೂ ಇರುವ ಕೂದಲನ್ನು ಕಾಪಾಡಲು ಪರೀಕ್ಷೆಗೊಳಗಾಗಿ ನಿಂತ ದಾರಿಗಳು. ಫಿನಾಸ್ಟರೈಡ್‌ನಿಂದ ಕೆಲವರಿಗೆ ಲೈಂಗಿಕ ತೊಂದರೆ ಆಗಬಹುದೆಂಬುದನ್ನೂ, ಬಿಟ್ಟರೆ ಫಲ ಇಳಿಯುತ್ತದೆಂಬುದನ್ನೂ ಮೊದಲೇ ತಿಳಿಸಬೇಕು. ನಾಟಿಯಾದ ಮೇಲೂ ಇವು ಬೇಕಾಗುತ್ತವೆ ಎಂಬ ಮಾತು ಹಣ ಕಟ್ಟಿದ ಮೇಲೆ ಗೊತ್ತಾದರೆ ಅದು ಮೋಸ.

ಹೀಗಿದ್ದೂ ಇಷ್ಟೊಂದು ಜನ ನಾಟಿಗೆ ಹೋಗುವುದೇಕೆ? ರಾಜ್ ಬಿ. ಶೆಟ್ಟಿ ಬರೆದು, ನಿರ್ದೇಶಿಸಿ, ನಟಿಸಿದ ‘ಒಂದು ಮೊಟ್ಟೆಯ ಕಥೆ’ ಚಿತ್ರ 2017ರಲ್ಲಿ ಈ ಪ್ರಶ್ನೆಯನ್ನು ಮಂಗಳೂರಿನ ಕನ್ನಡ ಮೇಷ್ಟ್ರೊಬ್ಬರ ಬದುಕಿನ ಮೂಲಕ ಕೇಳಿತು. ತರಗತಿಯಲ್ಲಿ ನಗು, ಹೆಣ್ಣು ನೋಡಲು ಹೋದಲ್ಲಿ ನಿರಾಕರಣೆ. ತಲೆಗೂದಲಿಗಾಗಿ ಅವಮಾನ ಉಂಡವನೇ ಹೆಣ್ಣಿನ ಮೈಯನ್ನು ಅದೇ ಅಳತೆಗೋಲಿನಲ್ಲಿ ಅಳೆಯುತ್ತಾನೆಂದು ತೋರಿಸಿದ್ದು ಆ ಚಿತ್ರದ ಹೆಚ್ಚುಗಾರಿಕೆ. ನಮ್ಮ ಮನೆಗಳಲ್ಲಿ ಇಪ್ಪತ್ತೈದರ ಹುಡುಗನಿಗೆ, ಮದುವೆಯ ಫೋಟೋ ತೆಗೆಸುವ ಮೊದಲು ತಲೆಗೇನಾದರೂ ಮಾಡಿಸಿಕೋ ಎನ್ನುವವರು ಹೆತ್ತವರೇ. ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ರಜನಿಕಾಂತ್ ತೆರೆಯಾಚೆ ಬೋಳುತಲೆ, ಬಿಳಿಗಡ್ಡದಲ್ಲೇ ದಶಕಗಳಿಂದ ಓಡಾಡುತ್ತಿದ್ದಾರೆ. ಅಭಿಮಾನಿಗಳ ಪ್ರೀತಿ ಎಳ್ಳಷ್ಟೂ ತಗ್ಗಿಲ್ಲ. ಆದರೆ ಅವರಂತೆ ಗೆದ್ದವರಿಗೆ ಸಲ್ಲುವ ಈ ಸ್ವಾತಂತ್ರ್ಯ ಇನ್ನೂ ಕೆಲಸ, ಸಂಗಾತಿ ಹುಡುಕುತ್ತಿರುವ ಹುಡುಗನಿಗೆ ನಾವು ಕೊಟ್ಟಿಲ್ಲ.

ಆದ್ದರಿಂದ ಕೂದಲು ಬೇಕೆನ್ನುವವನನ್ನು ಹಗುರವಾಗಿ ಕಾಣುವುದು ನನಗೆ ಒಪ್ಪಿಗೆಯಿಲ್ಲ. ಹೆಣ್ಣಾಗಲಿ ಗಂಡಾಗಲಿ, ಚೆಂದ ಕಾಣಬೇಕೆಂಬ ಆಸೆ ತಪ್ಪಲ್ಲ. ನಲವತ್ತರ ಹತ್ತಿರ, ಉದುರುವುದು ಒಂದು ಹಂತಕ್ಕೆ ನಿಂತವರಿಗೆ, ಹಿಂದಲೆ ದಟ್ಟವಾಗಿದ್ದವರಿಗೆ ಈ ಚಿಕಿತ್ಸೆಯನ್ನು ಧಾರಾಳವಾಗಿ ಸೂಚಿಸಬಹುದು. ಇಪ್ಪತ್ತರ ಆಸುಪಾಸಿನವರಿಗೆ ಬಹುಪಾಲು ಬೇಡ. ಹೋಗುವವರು ಆ ಕ್ಲಿನಿಕ್ಕಿಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ (ಕೆಪಿಎಂಇ) ನೋಂದಣಿ ಇದೆಯೇ, ಸೀಳು ಹಾಕುವವರು ಯಾರು, ಅವರ ಪದವಿ ಯಾವುದು, ಎಷ್ಟು ಬುಡ ಕೀಳುತ್ತಾರೆ, ಮುಂದಕ್ಕೆ ಎಷ್ಟು ಉಳಿಯುತ್ತವೆ ಎಂದು ಕೇಳಿ ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಇಪ್ಪತ್ಮೂರರ ಹುಡುಗನ ತಲೆ ನೋಡಿ, ಈಗ ಔಷಧ ಸಾಕು, ಕೆಲವು ವರ್ಷ ಬಿಟ್ಟು ಬಾ ಎಂದು ಹಿಂದಕ್ಕೆ ಕಳಿಸುವ ವೈದ್ಯರು ನಮ್ಮಲ್ಲಿದ್ದಾರೆ. ಕೈಗೆ ಬಂದ ಹಣ ಬಿಟ್ಟು ರೋಗಿಯ ನಲವತ್ತನೆಯ ವಯಸ್ಸನ್ನು ನೆನೆಯುವ ಅಂಥವರ ಮೇಲೆಯೇ ಈ ವಿದ್ಯೆಯ ಮರ್ಯಾದೆ ನಿಂತಿದೆ.